ತಕ್ಕಡಿ ಯಾರ ಕೈಯಲ್ಲಿ?

ಬೇಸಿಗೆ ಬಂತೆಂದರೆ ತಿಕೋಟಾ ತಾಲ್ಲೂಕಿನ ಹೊನವಾಡ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಬಿಡುವೆಂಬುದೇ ಇಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊನೆ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವಿ, ಎರಡು ಮೂರು ವಾರ ನೆರಳಲ್ಲಿ ಗಾಳಿಗೆ ಬಿಡುತ್ತಾರೆ. ಸುಮಾರು 4 ಕೆ.ಜಿ. ಹಸಿ ಹಣ್ಣು ಒಣಗಿದರೆ ಕೈಗೆ ಸಿಗುವುದು 1 ಕೆ.ಜಿ. ಒಣದ್ರಾಕ್ಷಿ. ಬೆವರು ಬೆಳೆದವನದು, ದರ ಮಾತ್ರ ಸಾಂಗ್ಲಿ, ತಾಸಗಾಂವ, ವಿಜಯಪುರದ ಪೇಟೆಯಲ್ಲಿ ಕೊಳ್ಳುವವನು ಕೂಗಿದ್ದು. ಆಹಾರ ಸಹಕಾರ ಸಂಘ ಬೇಕೆನಿಸುವುದು ಇಂಥ ಕಡೆಯೇ.

ಇದು ಹೊಸ ಯೋಚನೆಯೇನಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ ದುಡಿಯುವವರು ತಲಾ ಒಂದು ಪೌಂಡು ಕೂಡಿಸಿ ಅಂಗಡಿ ತೆರೆದರು. ಇಟ್ಟದ್ದು ಹಿಟ್ಟು, ಬೆಣ್ಣೆ, ಸಕ್ಕರೆಯಂಥ ಕೆಲವೇ ಸಾಮಾನು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಉದ್ರಿ ಇಲ್ಲ. ಲಾಭ ಉಳಿದರೆ ಯಾರು ಎಷ್ಟು ಖರೀದಿಸಿದ್ದಾರೋ ಅದರ ಲೆಕ್ಕದಲ್ಲಿ ಹಂಚಿಕೆ. ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಸಹಕಾರದ ತತ್ವಗಳೆಲ್ಲ ಬೆಳೆದದ್ದು ಈ ಬುಡದಿಂದಲೇ.

ನಮ್ಮಲ್ಲಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಆಗಿನ ತುರ್ತು. ಆದರೆ ಮುಂದೆ ಎಷ್ಟೋ ಊರುಗಳಲ್ಲಿ ಸಹಕಾರ ಸಂಘವೆಂದರೆ ಸಾಲ, ಗೊಬ್ಬರ, ಸಂಚಾಲಕರ ಚುನಾವಣೆ, ಇಷ್ಟೇ ಎಂಬಂತಾಯಿತು. ಬೆಳೆದದ್ದನ್ನು ಕೂಡಿ ಮಾರುವ ಮಾತು ಹಿಂದೆ ಬಿತ್ತು.

ಕೂಡಿ ಮಾರಿದರೆ ಏನಾಗುತ್ತದೆ ಎಂಬುದನ್ನು ಹಳ್ಳಿಯ ಹಾಲಿನ ಡೇರಿ ತೋರಿಸಿದೆ. ಒಂದೂವರೆ ಲೀಟರ್ ತಂದ ಹೆಣ್ಣುಮಗಳ ಕಣ್ಣೆದುರೇ ಅಳತೆ, ಕೊಬ್ಬಿನಂಶದ ಪರೀಕ್ಷೆ, ಲೆಕ್ಕದ ಚೀಟಿ. ಮೂವತ್ತು ಲೀಟರ್ ತಂದವರಿಗೂ ಅದೇ ನಿಯಮ. ವಿಶ್ವಾಸ ಹುಟ್ಟುವುದು ಭಾಷಣದಿಂದಲ್ಲ, ಆ ಚೀಟಿಯಿಂದ.

ಒಣದ್ರಾಕ್ಷಿಗೆ ಇನ್ನೊಂದು ಅನುಕೂಲವಿದೆ: ಶೀತಲಗೃಹದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು. ಆದರೆ ಮದುವೆ, ಆಸ್ಪತ್ರೆ, ಕೂಲಿ ಎಂದು ರೊಕ್ಕದ ತಾಪತ್ರಯ ಬಂದಾಗ ರೈತ ಸಿಕ್ಕ ದರಕ್ಕೆ ಮಾರಲೇಬೇಕು. ಇಟ್ಟ ಮಾಲಿನ ಮೇಲೆ ಮುಂಗಡ ಕೊಟ್ಟು, ಗ್ರೇಡು ಮಾಡಿ, ಪ್ಯಾಕೆಟ್ಟು ಕಟ್ಟಿ, ತಿನ್ನುವವರಿಗೇ ನೇರ ಮುಟ್ಟಿಸುವ ಸಂಘವಿದ್ದರೆ ಕಾಯುವ ತಾಕತ್ತು ಅವನಿಗೂ ಬರುತ್ತದೆ.

ಕಷ್ಟವಿರುವುದು ಸದಸ್ಯನ ನಿಷ್ಠೆಯಲ್ಲಿ. ಹೊರಗಿನ ವ್ಯಾಪಾರಿ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟ ದಿನ ಒಳ್ಳೆಯ ಮಾಲು ಅವನಿಗೆ, ಉಳಿದದ್ದು ಸಂಘಕ್ಕೆ ಎಂದರೆ ಯಾವ ಸಂಘವೂ ಬಾಳದು. ಸಂಘವೂ ಅಷ್ಟೇ: ಲೆಕ್ಕ ಕೇಳಿದವನನ್ನು ವಿರೋಧಿ ಬಣದವನೆಂದು ದೂರ ಇಡಬಾರದು. ತಕ್ಕಡಿ ನಮ್ಮ ಕೈಗೆ ಬಂದಾಗ ಅದನ್ನು ಸಮ ಹಿಡಿಯುವ ಹೊಣೆಯೂ ನಮ್ಮದೇ.