ಗೃಹಪ್ರವೇಶ ತಡವಾಗುವುದು ಯಾರಿಂದ?

ಮನೆಗೆ ತಾರಸಿ ಹಾಕಿಯಾಯಿತು. ಅಲ್ಲಿಂದ 60ನೇ ದಿನಕ್ಕೆ ಗೃಹಪ್ರವೇಶದ ಮುಹೂರ್ತ. ಸೆಂಟ್ರಿಂಗ್ ಬಿಚ್ಚಲು 15 ದಿನ, ಗಾರೆಗೆ 20, ನೆಲಹಾಸಿಗೆ 15, ಕೊನೆಯಲ್ಲಿ ಬಣ್ಣಕ್ಕೆ 10. ಈ ನಡುವೆ ತಮ್ಮ ಅಂಗಡಿಯಲ್ಲೇ ಕದಗಳನ್ನು ಸಿದ್ಧಪಡಿಸಲು ಬಡಗಿ 25 ದಿನ ಕೇಳಿದ್ದಾರೆ. ಬಣ್ಣ ಆರಂಭವಾಗುವ ಮುನ್ನ ಕದ ಬಂದರೆ ಸಾಕು. ಬಡಗಿ ಹತ್ತು ದಿನ ತಡಮಾಡಿದೊಡನೆ ಯಜಮಾನರು ಹರಿಹಾಯುತ್ತಾರೆ, ಹೆಚ್ಚು ಕೂಲಿ ಕೊಟ್ಟು ಇನ್ನಿಬ್ಬರನ್ನು ಕರೆಸುತ್ತಾರೆ. ಗಾರೆ ಎರಡು ದಿನ ಹಿಂದೆ ಬಿದ್ದದ್ದನ್ನು ಯಾರೂ ಗಮನಿಸುವುದಿಲ್ಲ. ಮುಹೂರ್ತ ತಪ್ಪುವುದು ಆ ಎರಡು ದಿನದಿಂದಲೇ.

ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಪ್ರಚಾರಕ್ಕೆ ತಂದ ಗ್ಯಾಂಟ್ ನಕ್ಷೆಯಲ್ಲಿ ಪ್ರತಿಯೊಂದು ಕೆಲಸವೂ ದಿನಾಂಕಗಳ ಕೆಳಗೆ ಎಳೆದ ಒಂದು ಪಟ್ಟಿ. ಮೇಸ್ತ್ರಿಯಿಂದ ಮಾಲೀಕರವರೆಗೆ ಯಾರು ಬೇಕಾದರೂ ಅದನ್ನು ಓದಬಲ್ಲರು. ಆದರೆ ಯಾವ ಕೆಲಸ ಯಾವುದಕ್ಕಾಗಿ ಕಾದಿದೆ ಎಂಬುದನ್ನು ಅದರ ಮೂಲರೂಪ ತೋರಿಸುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ನಿರ್ಣಾಯಕ ಪಥ ವಿಧಾನ. ಡ್ಯುಪಾಂಟ್ ಕಂಪನಿಯ ಮೋರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ 1957ರ ಹೊತ್ತಿಗೆ ಇದನ್ನು ರೂಪಿಸಿದರು. ಕೆಲಸಗಳನ್ನು ಒಂದರ ಹಿಂದೊಂದು ಜೋಡಿಸಿ, ಆರಂಭದಿಂದ ಅಂತ್ಯದವರೆಗಿನ ಅತಿ ಉದ್ದದ ಸರಣಿಯನ್ನು ಹುಡುಕುವುದೇ ಇದರ ತಿರುಳು. ಮನೆಯ ಲೆಕ್ಕದಲ್ಲಿ ಸೆಂಟ್ರಿಂಗ್, ಗಾರೆ, ನೆಲ, ಬಣ್ಣ ಸೇರಿ ಸರಿಯಾಗಿ 60 ದಿನ. ಇವುಗಳಲ್ಲಿ ಯಾವುದು ಒಂದು ದಿನ ಜಾರಿದರೂ ಮುಹೂರ್ತ ಜಾರುತ್ತದೆ. ಕದಗಳು ಬೇಕಾಗುವುದು 50ನೇ ದಿನ. ಬಡಗಿಗೆ 25 ದಿನಗಳ ಬಿಡುವಿದೆ. ಅಲ್ಲಿ ಸುರಿದ ಹೆಚ್ಚುವರಿ ಕೂಲಿ ಒಂದು ದಿನವನ್ನೂ ಉಳಿಸದು.

ಆದರೆ ಗಾರೆಗೆ 20 ದಿನವೆಂಬ ಅಂದಾಜೇ ತಪ್ಪಿದ್ದರೆ? ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ 1958ರಲ್ಲಿ ರೂಪಿಸಿದ ಪರ್ಟ್ ಮೂರು ಅಂದಾಜುಗಳನ್ನು ಕೇಳುತ್ತದೆ. ಎಲ್ಲವೂ ಸುಗಮವಾದರೆ 16 ದಿನ, ಸಾಮಾನ್ಯವಾಗಿ 20, ಮಳೆ ಹಿಡಿದರೆ 36 ಎಂದುಕೊಳ್ಳೋಣ. ಸಾಮಾನ್ಯ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ ಆರರಿಂದ ಭಾಗಿಸಿದರೆ 22. ಅಂದರೆ ಮುಹೂರ್ತ ಗೊತ್ತುಮಾಡಿದ ದಿನವೇ ಎರಡು ದಿನ ಕಡಿಮೆ ಬಿದ್ದಿತ್ತು. ಗಾರೆಯವರನ್ನು ದೂರಿ ಫಲವಿಲ್ಲ.

ಪೊಲಾರಿಸ್ 1960ರ ಜುಲೈನಲ್ಲಿ ನೀರಿನಡಿಯ ಜಲಾಂತರ್ಗಾಮಿಯಿಂದ ಚಿಮ್ಮಿದಾಗ ಪರ್ಟ್‌ಗೆ ಭಾರೀ ಕೀರ್ತಿ ಸಂದಿತು. ಆ ಯೋಜನೆಯನ್ನು ಅಧ್ಯಯನ ಮಾಡಿದ ಹಾರ್ವೆ ಸಪೋಲ್ಸ್ಕಿ ಮಾತ್ರ 1972ರ ತಮ್ಮ ಗ್ರಂಥದಲ್ಲಿ, ಅದು ಕೆಲಸಕ್ಕಿಂತ ಹೊರಗಿನವರ ಮೂಗುತೂರಿಸುವಿಕೆಯನ್ನು ತಡೆಯಲು ಹೆಚ್ಚು ನೆರವಾಯಿತೆಂದು ವಾದಿಸಿದರು. ಲೆಕ್ಕದಲ್ಲೂ ಒಂದು ತೊಡಕಿದೆ: ಪರ್ಟ್ ಸಾಮಾನ್ಯವಾಗಿ ಅತಿ ಉದ್ದದ ಸರಣಿಯೊಂದನ್ನೇ ಎಣಿಸುತ್ತದೆ. ಬಡಗಿ ಊರಿಗೆ ಹೋಗಿ ತಿಂಗಳು ಕಳೆದು ಬಂದರೆ ನಿರ್ಣಾಯಕ ಪಥವೇ ಕದಗಳತ್ತ ಹೊರಳುತ್ತದೆ; ನಕ್ಷೆಯನ್ನು ಮತ್ತೆ ಬರೆಯಬೇಕಾಗುತ್ತದೆ.