ಕಪ್ ಗೆದ್ದ ಮೇಲಿನ ವರ್ಷ

2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38–33ರಿಂದ ಮಣಿಸಿ ಪ್ರೊ ಕಬಡ್ಡಿ ಕಪ್ ಗೆದ್ದಿತು. ಆ ಫೈನಲ್ಲಿನಲ್ಲಿ 22 ಪಾಯಿಂಟ್ ತಂದ ಪವನ್ ಸೆಹ್ರಾವತ್ ಹೆಸರು ಬೆಂಗಳೂರಿನ ನಂದಿನಿ ಲೇಔಟ್, ಲಗ್ಗೆರೆ ಕಡೆಯ ಹುಡುಗರಿಗೂ ಗೊತ್ತು. ಮುಖ್ಯ ಕೋಚ್ ರಣಧೀರ್ ಸಿಂಗ್ ಅವರ ಸಹಾಯಕರಾಗಿದ್ದ ಕನ್ನಡಿಗ ಬಿ.ಸಿ. ರಮೇಶ್ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಅರ್ಜುನ ಪ್ರಶಸ್ತಿ ಪಡೆದ ಈ ಹಳೆಯ ಆಟಗಾರ ಆಮೇಲೆ ಮುಖ್ಯ ಕೋಚ್ ಆಗಿ 2019ರ ಅಕ್ಟೋಬರ್‌ನಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೂ ಮೊದಲ ಕಪ್ ತಂದುಕೊಟ್ಟರು. ಆದರೂ ಅವರ ನಿಜವಾದ ಕಸುಬು ಕಪ್‌ಗಳ ಲೆಕ್ಕದಲ್ಲಿ ಸಿಗುವುದಿಲ್ಲ, ತಂಡ ಕಟ್ಟುವ ಬಗೆಯಲ್ಲಿ ಸಿಗುತ್ತದೆ.

ಗೆಲ್ಲಿಸುವುದು ಹರಾಜಿನ ದುಡ್ಡು, ಕೋಚ್ ಅಲ್ಲ ಎನ್ನುವವರಿದ್ದಾರೆ. ಪುಣೇರಿ ಕಪ್ ಗೆದ್ದ ವರ್ಷ ಇರಾನಿನ ಆಟಗಾರ ಶಾದ್ಲೂಯಿಗೆ 2.35 ಕೋಟಿ ರೂಪಾಯಿ ಸುರಿದದ್ದು ನಿಜ. ಆದರೆ ಅವರಿಲ್ಲದ ಹಿಂದಿನ ಆವೃತ್ತಿಯಲ್ಲೇ ರಮೇಶ್ ಆ ತಂಡವನ್ನು ಫೈನಲ್‌ವರೆಗೆ ತಂದಿದ್ದರು. ಬೆಂಗಾಲ್ ಅಂತೂ ಗಾಯಾಳು ನಾಯಕ ಮಣಿಂದರ್ ಸಿಂಗ್ ಅಂಕಣಕ್ಕಿಳಿಯದೆಯೇ ಫೈನಲ್ಲಿನಲ್ಲಿ ದೆಹಲಿಯನ್ನು 39–34ರಿಂದ ಸೋಲಿಸಿತು. ದೊಡ್ಡ ರೈಡರ್ ಹೊರಗೆ ಕೂತಾಗ ಉಳಿದವರು ಹೇಗೆ ಆಡುತ್ತಾರೆ ಎಂಬುದರಲ್ಲಿ ಕೋಚ್ ಕೆಲಸ ಕಾಣುತ್ತದೆ.

ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೆಯಿದೆ. ಎರಡು ಸಲವೂ ರಮೇಶ್ ಅವರ ಹಾಲಿ ಚಾಂಪಿಯನ್ ತಂಡ ಮುಂದಿನ ಆವೃತ್ತಿಯಲ್ಲಿ ಪ್ಲೇ-ಆಫ್ ಸಹ ಮುಟ್ಟಲಿಲ್ಲ. ಗೆಲುವನ್ನು ಉಳಿಸಿಕೊಳ್ಳಲಾರದ ಕೋಚ್ ದೊಡ್ಡವರೇ? ಅಮೆರಿಕದ ಕಾಲೇಜು ಫುಟ್‌ಬಾಲ್‌ನ ನಿಕ್ ಸಬಾನ್ ಅಲಬಾಮಾದಲ್ಲಿ 17 ವರ್ಷಗಳಲ್ಲಿ ಆರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರಲ್ಲ ಎಂದು ಕೇಳಬಹುದು. ಆದರೆ ಅಲ್ಲಿನ ಕೋಚ್ ಹೈಸ್ಕೂಲುಗಳಿಗೆ ಹೋಗಿ ತನಗೆ ಬೇಕಾದ ಹುಡುಗರನ್ನು ಪ್ರತಿವರ್ಷ ತಾನೇ ಆರಿಸಿ ತರುತ್ತಾನೆ. ಆ ಅನುಕೂಲವಿಲ್ಲದ ವೃತ್ತಿಪರ ಲೀಗ್‌ನಲ್ಲಿ, ಮಯಾಮಿ ಡಾಲ್ಫಿನ್ಸ್ ಜೊತೆ, ಇದೇ ಸಬಾನ್ ಎರಡು ವರ್ಷದಲ್ಲಿ 15 ಪಂದ್ಯ ಗೆದ್ದು 17 ಸೋತು ಹಿಂದಿರುಗಿದರು. ಕಬಡ್ಡಿ ಹರಾಜು ಇನ್ನೂ ನಿರ್ದಯ. ಕೈಯಲ್ಲಿರುವ ಹಣಕ್ಕೆ ಮಿತಿ, ಗೆದ್ದ ಹುಡುಗರ ಬೆಲೆಗೆ ಮಿತಿಯಿಲ್ಲ. ಇದರಿಂದ ರಮೇಶ್ ಅವರ ಎರಡು ಸೋಲೂ ಪೂರ್ತಿ ಮನ್ನಾ ಆಗುವುದಿಲ್ಲ, ಸರಿ. ಆದರೆ 11ನೇ ಆವೃತ್ತಿಯಲ್ಲಿ ಕಟ್ಟಕಡೆಗೆ ಬಿದ್ದಿದ್ದ ಬುಲ್ಸ್ 2025ರಲ್ಲಿ ಅವರನ್ನೇ ಮುಖ್ಯ ಕೋಚ್ ಆಗಿ ಕರೆತಂದಿತು, ಆ ವರ್ಷವೇ ಪ್ಲೇ-ಆಫ್‌ಗೆ ಏರಿತು.