ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆಯಾ? ತೋಟಕ್ಕೆ ಇಳಿಯೋ ಮುಂಚೆ ಪಾದ ನೋಡಿ

ಹೋದ ವರ್ಷ ನಮ್ಮ ಅಡಿಕೆ ತೋಟದಲ್ಲಿ ಬುಡಕ್ಕೆ ಸೋಗೆ ಹರಡೋ ಕೆಲಸ ನಡೀತಿತ್ತು. ಸಂಜೆ ಅಪ್ಪ ಕಾಲು ತೊಳೆದು ಒಳಗೆ ಬಂದರು. ನಡೆದ ಕಡೆಯೆಲ್ಲ ಟೈಲ್ಸ್ ಮೇಲೆ ರಕ್ತದ ಚುಕ್ಕೆ. ನೋಡಿದರೆ ಹೆಬ್ಬೆರಳ ಕೆಳಗೆ ಬೇಲಿಯ ಜಾಲಿಮುಳ್ಳು ಮುರಿದು ಕೂತಿದೆ. "ನೋವಾಗ್ಲಿಲ್ವಾ ಅಪ್ಪ?" ಅಂದೆ. "ಏನೂ ಗೊತ್ತಾಗ್ಲಿಲ್ಲ ಕಣೋ" ಅಂದರು. ಮುಳ್ಳಿಗಿಂತ ಆ ಮಾತಿಗೇ ಹೆದರಿದೆ. ಅವರಿಗೆ 12 ವರ್ಷದಿಂದ ಶುಗರ್ ಇದೆ. ಎಲೆ ಹಳದಿಯಾದ್ರೆ ಬೇರು ನೋಡಿ ಅಂತ ಊರಿಗೆಲ್ಲ ಹೇಳೋ ನಾನು ಅಪ್ಪನ ಪಾದ ಒಂದು ದಿನವೂ ನೋಡಿರಲಿಲ್ಲ. ಆ ಗಾಯ ಮಾಯೋಕೆ ಎರಡು ತಿಂಗಳು ಹಿಡೀತು.

ಸಕ್ಕರೆ ಪ್ರಮಾಣ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಮಂಕಾಗುತ್ತವೆ. ರಕ್ತಸಂಚಾರವೂ ಕಡಿಮೆಯಾದರೆ ಗಾಯ ಬೇಗ ಮಾಯಲ್ಲ. ಅದರ ಮೇಲೆ ಬರಿಗಾಲು, ಕೆಸರು, ಸಗಣಿ ಗೊಬ್ಬರ. ಸೋಂಕು ಮೂಳೆವರೆಗೂ ಇಳಿಯಬಹುದು. ಬೆರಳು, ಕಾಲು ಕತ್ತರಿಸುವ ಸ್ಥಿತಿ ಎಷ್ಟೋ ಸಲ ಇಂಥ ಸಣ್ಣ ಗಾಯದಿಂದಲೇ ಬರೋದು.

ಸ್ಪರ್ಶ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಅವರು ಕಣ್ಣು ಮುಚ್ಚಿರಲಿ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ಬೆರಳಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಉಜ್ಜಬೇಡಿ. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ಡಾಕ್ಟರಿಗೆ ತೋರಿಸಿ. ಅಪ್ಪನಿಗೆ ನಾಲ್ಕು ಕಡೆ ಗೊತ್ತಾಗಲಿಲ್ಲ. ಗೊತ್ತಾದರೂ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಬೇಕೇ ಬೇಕು.

ಇನ್ನು ಸಾಕ್ಸ್. ಡಯಾಬಿಟಿಕ್ ಸಾಕ್ಸ್ ಅಂತ ಆನ್‌ಲೈನಲ್ಲಿ ದುಬಾರಿ ಬೆಲೆಗೆ ಮಾರ್ತಾರೆ. ನೋಡಬೇಕಾದ್ದು ಇಷ್ಟೇ: ಬೆರಳ ಹತ್ತಿರ ದಪ್ಪ ಹೊಲಿಗೆ ಇರಬಾರದು, ಬಿಚ್ಚಿದಾಗ ಕಾಲಲ್ಲಿ ಎಲಾಸ್ಟಿಕ್‌ನ ಗುರುತು ಉಳಿಯಬಾರದು, ಅಡಿಭಾಗ ಮೆತ್ತಗಿರಬೇಕು. ಬಣ್ಣ ಬಿಳಿ ಅಥವಾ ತಿಳಿ ಇರಲಿ. ರಕ್ತ, ಕೀವು ತಾಗಿದ್ರೆ ತಕ್ಷಣ ಕಾಣುತ್ತೆ. ತೂತು ಬಿದ್ದದ್ದು, ತೇಪೆ ಹಾಕಿದ್ದು ಉಜ್ಜಿ ಗಾಯ ಮಾಡುತ್ತೆ, ಎಸೆಯಿರಿ. ಬಿಗಿಯಾದ ಕಂಪ್ರೆಷನ್ ಸಾಕ್ಸ್ ಬೇರೆ. ಡಾಕ್ಟರ್ ಹೇಳದೆ ಅದನ್ನ ಹಾಕಿಸಬೇಡಿ. ಒದ್ದೆ ಸಾಕ್ಸಂತೂ ಇಲ್ಲದ್ದಕ್ಕಿಂತ ಕೆಟ್ಟದ್ದು, ಚರ್ಮ ಬೆಂದ ಹಾಗಾಗುತ್ತೆ. ಅಪ್ಪನ ಊಟದ ಚೀಲದಲ್ಲಿ ಅಮ್ಮ ಈಗ ಇನ್ನೊಂದು ಜೊತೆ ಇಟ್ಟು ಕಳಿಸ್ತಾರೆ.

ಸಾಕ್ಸ್ ಮುಳ್ಳು ತಡೆಯಲ್ಲ, ಮೇಲೆ ಗಮ್‌ಬೂಟ್ ಬೇಕು. ಹಾಕೋ ಮುಂಚೆ ತಲೆಕೆಳಗು ಮಾಡಿ ಬಡಿಯಿರಿ, ಟಾರ್ಚ್ ಬಿಟ್ಟು ನೋಡಿ. ಚೇಳಿಗೆ ಮಾತ್ರ ಅಲ್ಲ, ಒಳಗಿನ ಒಂದು ಕಲ್ಲೂ ಮರಗಟ್ಟಿದ ಪಾದಕ್ಕೆ ತಿಳಿಯಲ್ಲ. ಹೊಸ ಬೂಟು ಮೊದಲ ದಿನ ಒಂದು ಗಂಟೆ ಸಾಕು. ಪಾದದಲ್ಲಿ ಗಾಯ ಇದ್ದರೆ ಗದ್ದೆಗೆ ಇಳಿಸಲೇಬೇಡಿ.

ಸಂಜೆ ಪಾದ ತೊಳೆದು ಬೆರಳ ಸಂದಿ ಒರೆಸಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಸರಿ, ಸಂದಿಗೆ ಬೇಡ. ಕಾಲು ಜೋಮು ಅಂತ ಬಿಸಿನೀರಲ್ಲಿ ಇಡೋದು, ಆಣಿಯನ್ನ ಬ್ಲೇಡಿಂದ ಕೆತ್ತೋದು ಎರಡೂ ನಿಲ್ಲಬೇಕು. ಗಾಯ, ಬೊಬ್ಬೆ, ಊತ, ವಾಸನೆ, ಕಪ್ಪು ಬಣ್ಣ ಕಂಡ ದಿನವೇ ಆಸ್ಪತ್ರೆ. ಅರಿಶಿನ ಮೆತ್ತಿ ನಾಳೆಗೆ ಕಾಯಬೇಡಿ.

ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲು ನೋಡೋಕೆ ಆಗಲ್ಲ. ಮೊಬೈಲಲ್ಲಿ ಫೋಟೋ ತೆಗೆದು ನಿನ್ನೆಯದರ ಜೊತೆ ಇಟ್ಟು ನೋಡಿ. ನನ್ನ ಗ್ಯಾಲರಿಯಲ್ಲಿ ಈಗ ಎಲೆಚುಕ್ಕಿ ರೋಗದ ಫೋಟೋಗಳಿಗಿಂತ ಅಪ್ಪನ ಪಾದದ ಫೋಟೋಗಳೇ ಜಾಸ್ತಿ.